ಬಾರ್ ಏರಿದಾಗ ನಿಂತುಬಿಡುವ ಓಟ: ಹೈಜಂಪ್ ಆಟಗಾರ್ತಿಯೊಬ್ಬಳ ಆಪ್ತಸಲಹೆ ಪ್ರಕರಣ

ಕೋಚ್ ಬರೆದುಕೊಟ್ಟ ಚೀಟಿಯಲ್ಲಿ ಎರಡೇ ಸಾಲು: "ದೇಹ ಚೆನ್ನಾಗಿದೆ, ಟೆಕ್ನಿಕ್ ಇದೆ, ಮನಸ್ಸು ವೀಕ್. 1.70 ಮೇಲೆ ಬಾರ್ ಇಟ್ಟರೆ ಓಡಿ ಬಂದು ನಿಂತುಬಿಡುತ್ತಾಳೆ."

ನಮ್ಮ ಮೈದಾನಗಳಲ್ಲಿ 'ಮೆಂಟಲಿ ವೀಕ್' ಎನ್ನುವುದು ಬೇರೆ ಉತ್ತರ ಹೊಳೆಯದಿದ್ದಾಗ ಬರೆಯುವ ರೋಗನಿರ್ಣಯ. ಹಾಗಾಗಿ ಇಂಥ ಚೀಟಿ ಹಿಡಿದು ಬಂದವರ ಜೊತೆ ಮಾತು ಭಯದಿಂದ ಶುರುವಾಗಬಾರದು. ಮೊದಲು ಓಟ, ಮಂಡಿ, ಊಟ ಮತ್ತು ದುಡ್ಡಿನ ವಿಚಾರ ಕೇಳಬೇಕು. ಈ ನಾಲ್ಕು ಸರಿಯಿದ್ದೂ ಕಾಲು ನಿಂತರೆ ಆಗ ಭಯಕ್ಕೆ ಚಿಕಿತ್ಸೆ.

ಹೆಸರು, ಊರು, ಕಾಲೇಜು ಬದಲಿಸಿದೆ. ಒಪ್ಪಿಗೆ ಪಡೆದೇ ಬರೆದದ್ದು. ಇಲ್ಲಿ ಆಕೆಯನ್ನು ಚೈತ್ರಾ ಎನ್ನೋಣ. ವಯಸ್ಸು 21, ಎತ್ತರ 174 ಸೆಂ.ಮೀ., ಬಿ.ಕಾಂ. ಕೊನೆಯ ವರ್ಷ, ಕ್ರೀಡಾ ಹಾಸ್ಟೆಲ್ ವಾಸ. ನಮ್ಮಲ್ಲಿಗೆ ಬರುವುದಕ್ಕೆ 16 ತಿಂಗಳು ಮೊದಲು ಅಖಿಲ ಭಾರತ ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ 1.76 ಮೀಟರ್ ದಾಟಿ ಕಂಚು ಗೆದ್ದಿದ್ದಳು. ಆಮೇಲೆ ಯಾವ ಕೂಟದಲ್ಲೂ 1.70ರ ಮೇಲೆ ಹೋಗಿಲ್ಲ. ಇನ್ನು ಕೆಲವೇ ತಿಂಗಳಿಗೆ ರೈಲ್ವೆ ಕ್ರೀಡಾ ಕೋಟಾದ ಟ್ರಯಲ್.

ಮೊದಲ ಭೇಟಿಯಲ್ಲೇ ಒಂದು ವಿಷಯ ಇತ್ಯರ್ಥ ಮಾಡಿಕೊಂಡೆವು: ಯಾವ ಮಾತು ಕೋಚ್‌ಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಅಂತ. ಕಳಿಸಿದವರು ಕೋಚ್ ಆದರೂ, ಹಾಸ್ಟೆಲ್ ಖರ್ಚು ನೋಡಿಕೊಳ್ಳುವವರು ಬೇರೆ ಯಾರೇ ಆದರೂ, 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಕಲಂ ಪ್ರಕಾರ ಗೋಪ್ಯತೆಯ ಹಕ್ಕು ಆಕೆಯದು. ತರಬೇತಿಯ ಹೊರೆ, ನೋವಿನ ಅಂಕಿ, ಓಟದ ಅಳತೆ ಕೋಚ್‌ಗೆ ತಿಳಿಸಬಹುದು. ಮುಟ್ಟು, ಮನೆಯ ಸಾಲ, ಮನಸ್ಸಿನ ಮಾತು ಆಕೆ ಹೇಳು ಎಂದರೆ ಮಾತ್ರ. ಇದನ್ನು ಒಂದು ಹಾಳೆಯಲ್ಲಿ ಬರೆದು ಆಕೆಯೇ ಸಹಿ ಹಾಕಿದಳು. ಅಷ್ಟಾದ ಮೇಲೆಯೇ ಮಾತು ಬಿಚ್ಚಿಕೊಂಡಿತು.

ಕಾಲು ನಿಂತದ್ದು ಎಲ್ಲಿ

"ಭಯ ಆಗುತ್ತಾ?" ಎಂದು ಕೇಳಿದರೆ ಯಾರಾದರೂ "ಹೂಂ" ಎನ್ನುತ್ತಾರೆ. ಅದರಿಂದ ಏನೂ ತಿಳಿಯುವುದಿಲ್ಲ. ಕೇಳಬೇಕಾದ್ದು: ಎಷ್ಟನೇ ಹೆಜ್ಜೆಯಲ್ಲಿ ನಿಲ್ಲುತ್ತೀಯ? ಯಾವ ಎತ್ತರಕ್ಕೆ? ಅಭ್ಯಾಸದ ಮೊದಲ ಅರ್ಧದಲ್ಲೋ ಕೊನೆಗೋ? ಬಾರ್ ತೆಗೆದು ಎಲಾಸ್ಟಿಕ್ ಕಟ್ಟಿದರೂ ನಿಲ್ಲುತ್ತೀಯಾ? ಮೂರು ವಾರ ಇಷ್ಟನ್ನೇ ಡೈರಿಯಲ್ಲಿ ಬರೆಯಲು ಹೇಳಿದೆವು. 41 ಓಟ, ಅದರಲ್ಲಿ 13 ಸಲ ನಿಂತದ್ದು. ಆ 13ರಲ್ಲಿ 11 ಸಲ ಬಾರ್ 1.65ರ ಮೇಲಿತ್ತು. 9 ಸಲ ಅಭ್ಯಾಸದ ಎರಡನೇ ಅರ್ಧದಲ್ಲಿ. ಎಲಾಸ್ಟಿಕ್ ಮುಂದೆ ಒಂದೇ ಸಲ. ನಿಂತದ್ದೆಲ್ಲ ಕೊನೆಯ ಎರಡು ಹೆಜ್ಜೆಯೊಳಗೆ.

ಗೆಳತಿಯ ಮೊಬೈಲ್‌ನಲ್ಲಿ ಸ್ಲೋ ಮೋಷನ್ ವಿಡಿಯೋ ತೆಗೆಸಿ, ಟೇಪ್ ಹಿಡಿದು ಅಳೆಸಿದಾಗ ವಿಷಯ ಬಯಲಾಯಿತು. ಚೈತ್ರಾ ಎಡಗಾಲಲ್ಲಿ ಟೇಕ್‌ಆಫ್ ಮಾಡುವವಳು (ಎಡಪಾದ ಒತ್ತಿ ನೆಲದಿಂದ ಮೇಲೇಳುವವಳು), ಹಾಗಾಗಿ ಬಲಬದಿಯಿಂದ ಓಡಿ ಬರುತ್ತಾಳೆ. ಹತ್ತು ಹೆಜ್ಜೆಯ ಓಟ: ಐದು ನೇರ, ಐದು ಕರ್ವ್. ಬಲಗಂಬದಿಂದ ಬಾರ್‌ನ ನೇರಕ್ಕೆ 3.80 ಮೀಟರ್ ಹೊರಗೆ, ಅಲ್ಲಿಂದ 15 ಮೀಟರ್ ಹಿಂದಕ್ಕೆ ಮಾರ್ಕ್. 1.60ಕ್ಕೆ ಓಡಿದಾಗ ಟೇಕ್‌ಆಫ್ ಪಾದ ಬಾರ್‌ನಿಂದ 85 ಸೆಂ.ಮೀ. ದೂರದಲ್ಲಿ ಬೀಳುತ್ತಿತ್ತು. 1.70ಕ್ಕೆ ಅದೇ ಪಾದ 55 ಸೆಂ.ಮೀ.ಗೆ ಬಂದಿತ್ತು.

ಕಾರಣ ಓಟದ ಮೊದಲ ಅರ್ಧದಲ್ಲೇ ಇದೆ. ಬಾರ್ ಏರಿದಂತೆ ಆಕೆ ಜೋರಾಗಿ ಹೊರಡುತ್ತಾಳೆ, ಹೆಜ್ಜೆ ಉದ್ದವಾಗುತ್ತದೆ, ಐದನೇ ಹೆಜ್ಜೆ ತಾನು ಬೀಳಬೇಕಾದ ಗುರುತನ್ನು, ಅಂದರೆ ಚೆಕ್‌ಮಾರ್ಕ್ ಅನ್ನು, ದಾಟಿ ಹೋಗುತ್ತದೆ. ಕರ್ವ್‌ಗೆ ಜಾಗ ಕಡಿಮೆಯಾಗಿ ಬಾಗು ನೇರವಾಗುತ್ತದೆ. ಬಾರ್‌ನಿಂದ ದೂರಕ್ಕೆ ವಾಲಿರಬೇಕಾದ ಮೈ ನೆಟ್ಟಗಾಗಿ ಬಾರ್ ಕಡೆಗೇ ಬೀಳುತ್ತದೆ. 55 ಸೆಂ.ಮೀ.ನಿಂದ ಹಾರಿದರೆ ಮೇಲೇರುವಾಗಲೇ ಮಂಡಿಯೋ ಭುಜವೋ ಬಾರ್‌ಗೆ ಬಡಿಯುತ್ತದೆ. ಎತ್ತರ ಹೆಚ್ಚಿದಷ್ಟೂ ಟೇಕ್‌ಆಫ್ ಸ್ವಲ್ಪ ದೂರ ಸರಿಯಬೇಕಾದಲ್ಲಿ ಇಲ್ಲಿ ಹತ್ತಿರ ಬರುತ್ತಿತ್ತು. ಅಲ್ಲಿಂದ ಹಾರಲಾಗದು ಎಂದು ಆಕೆಯ ಕಾಲಿಗೆ ಗೊತ್ತಿತ್ತು, ಅದು ನಿಂತಿತು. ಇದನ್ನು ದೌರ್ಬಲ್ಯ ಎನ್ನುವುದು ಅನ್ಯಾಯ.

ಇನ್ನೊಂದು ವಿಷಯ ಶೂ. ಹೈಜಂಪ್ ಶೂಗೆ ಹಿಮ್ಮಡಿಯಲ್ಲೂ ಮುಳ್ಳು ಇರುತ್ತವೆ. ನಿಯಮದಲ್ಲಿ ಒಂದು ಶೂಗೆ ಗರಿಷ್ಠ 11 ಮುಳ್ಳು, ಹೈಜಂಪ್‌ಗೆ ಮುಳ್ಳಿನ ಉದ್ದ 12 ಮಿ.ಮೀ. ತನಕ, ಅಟ್ಟೆಯ ದಪ್ಪ 20 ಮಿ.ಮೀ. ತನಕ. ಟೇಕ್‌ಆಫ್ ಹೆಜ್ಜೆ ಹಿಮ್ಮಡಿಯಿಂದಲೇ ನೆಲ ಮುಟ್ಟುವುದರಿಂದ ಅಲ್ಲಿ ಹಿಡಿತ ಬೇಕೇ ಬೇಕು. ಚೈತ್ರಾಳ ಹೈಜಂಪ್ ಶೂ ಹರಿದು ವರ್ಷವಾಗಿತ್ತು. ಸೀನಿಯರ್ ಒಬ್ಬಳ ಸ್ಪ್ರಿಂಟ್ ಸ್ಪೈಕ್ಸ್ ಹಾಕಿಕೊಂಡು ಹಾರುತ್ತಿದ್ದಳು. ಹಿಮ್ಮಡಿಯಲ್ಲಿ ಮುಳ್ಳೇ ಇಲ್ಲ. ಇಬ್ಬನಿ ಬಿದ್ದ ಒಂದು ಬೆಳಿಗ್ಗೆ ಹಿಮ್ಮಡಿ ಜಾರಿ, ಪಾದ ಹೊರಳಿ, ಕಂಬಕ್ಕೆ ಭುಜ ಬಡಿದಿತ್ತು. ನಿಲ್ಲುವ ಚಾಳಿ ಶುರುವಾದದ್ದು ಆ ವಾರದಿಂದ. ಕೋಚ್‌ಗೆ ಜಾರಿದ್ದು ಗೊತ್ತು, ಶೂ ವಿಷಯ ಗೊತ್ತಿಲ್ಲ. "ಶೂ ಕೇಳಿದ್ರೆ ಅಪ್ಪನಿಗೆ ಹೇಳ್ಬೇಕಾಗುತ್ತೆ ಮೇಡಂ, ಅದಕ್ಕೇ ಸುಮ್ಮನಿದ್ದೆ" ಎಂದಳು.

ಮೊದಲ ಸಲಹೆ ಇಷ್ಟೇ: ಹೊಸ ಶೂ ಬರುವ ತನಕ ಫುಲ್ ರನ್‌ಅಪ್ ಹಾರಾಟ ಬಂದ್.

ಮಂಡಿ

ಎರಡನೇ ಭೇಟಿಗೆ ಆಕೆ ಮೆಟ್ಟಿಲಿಳಿಯುವ ರೀತಿಯೇ ಹೇಳುತ್ತಿತ್ತು. ಎಡ ಮಂಡಿಚಿಪ್ಪಿನ ಕೆಳತುದಿಯಲ್ಲಿ, ಒಂದೇ ಬೆರಳಲ್ಲಿ ತೋರಿಸಬಹುದಾದ ನೋವು. ಬೆಳಿಗ್ಗೆ ಬಿಗಿ, ವಾರ್ಮ್‌ಅಪ್ ಆದ ಮೇಲೆ ಕಡಿಮೆ, ಅಭ್ಯಾಸ ಮುಗಿದ ಮರುದಿನ ಹೆಚ್ಚು. ಇದು ಹೈಜಂಪರ್‌ಗಳ ಹಳೆಯ ಕಾಯಿಲೆ, ಪೆಟೆಲ್ಲರ್ ಟೆಂಡಿನೋಪಥಿ, ಅಂದರೆ ಮಂಡಿಚಿಪ್ಪಿನ ಕೆಳಗಿನ ರಜ್ಜುವಿನ (ಟೆಂಡನ್) ತೊಂದರೆ. ಎಂಟು ತಿಂಗಳಿಂದ ಮುಚ್ಚಿಟ್ಟಿದ್ದಳು. ನಿಂತ 13 ಓಟದಲ್ಲಿ 9 ಸಲ ಅಭ್ಯಾಸದ ಕೊನೆಯರ್ಧದಲ್ಲೇ ಏಕೆ ಎಂಬುದಕ್ಕೆ ಇಲ್ಲಿ ಉತ್ತರ ಸಿಕ್ಕಿತು.

ಫಿಸಿಯೋ ಹತ್ತಿರ ಕಳಿಸಿದೆವು. ಈ ರಜ್ಜುವಿನ ಸ್ಥಿತಿ ಅಳೆಯುವ ವೀಸಾ-ಪಿ ಪ್ರಶ್ನಾವಳಿಯಲ್ಲಿ 100ಕ್ಕೆ 52 ಬಂತು; 100 ಎಂದರೆ ತೊಂದರೆಯೇ ಇಲ್ಲ. ಯೋಜನೆ ಫಿಸಿಯೋದು, ಅದನ್ನು ಆಕೆ ಬಿಡದೆ ಮಾಡುವಂತೆ ನೋಡಿಕೊಳ್ಳುವುದು ಆಪ್ತಸಲಹೆಯ ಪಾಲು. ಮೊದಲ ಹಂತ ಐಸೋಮೆಟ್ರಿಕ್: ಲೆಗ್ ಎಕ್ಸ್‌ಟೆನ್ಷನ್ ಯಂತ್ರದಲ್ಲಿ ಮಂಡಿ ಸುಮಾರು 60 ಡಿಗ್ರಿ ಮಡಿಸಿ, ಗರಿಷ್ಠ ಶಕ್ತಿಯ ಶೇ. 70ರಷ್ಟು ಭಾರ ಹಿಡಿದು 45 ಸೆಕೆಂಡ್ ಅಲುಗದೆ ಇರುವುದು, 5 ಸಲ, ನಡುವೆ 2 ನಿಮಿಷ ಬಿಡುವು. ಆಮೇಲೆ ವಾರಕ್ಕೆ 3 ದಿನ ನಿಧಾನಗತಿಯ ಭಾರಿ ತೂಕ: 3 ಸೆಕೆಂಡ್ ಇಳಿ, 3 ಸೆಕೆಂಡ್ ಏಳು, 4 ಸೆಟ್, ಮೊದಲ ವಾರ 15 ಸಲ ಎತ್ತಬಲ್ಲ ತೂಕ, 12 ವಾರದ ಹೊತ್ತಿಗೆ 6 ಸಲ ಮಾತ್ರ ಎತ್ತಬಲ್ಲ ತೂಕ. ಇಳಿಜಾರು ಹಲಗೆ ಮೇಲೆ ಒಂಟಿಕಾಲಲ್ಲಿ ಕುಳಿತೆದ್ದು, ಪ್ರತಿ ಬೆಳಿಗ್ಗೆ ನೋವಿಗೆ 10ಕ್ಕೆ ಎಷ್ಟು ಅಂಕ ಎಂದು ಬರೆಯಬೇಕು. 3ರ ಒಳಗಿದ್ದು 24 ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿದರೆ ಹೊರೆ ಸರಿ. ಇಲ್ಲವೆಂದರೆ ಒಂದು ಹಂತ ಹಿಂದೆ.

ಪೂರ್ತಿ ವಿಶ್ರಾಂತಿ ತೆಗೆದುಕೊಂಡರೆ ನೋವು ಹೋಗುತ್ತದೆ, ಹಾರಲು ಹೋದ ಮೊದಲ ವಾರವೇ ಮರಳುತ್ತದೆ. ರಜ್ಜುವಿಗೆ ಬಲ ಬರುವುದು ಭಾರ ಹೊತ್ತಾಗಲೇ. ಇದನ್ನು ಚೈತ್ರಾಗಿಂತ ಆಕೆಯ ಅಮ್ಮನಿಗೆ ಬಿಡಿಸಿ ಹೇಳಬೇಕಾಯಿತು.

ಈ ನಡುವೆ ಹಿತೈಷಿಯೊಬ್ಬರು "ಟ್ರಯಲ್‌ಗೆ ಮೊದಲು ಒಂದು ಇಂಜೆಕ್ಷನ್ ಹಾಕಿಸಿದ್ರೆ ಆಯ್ತು" ಎಂದಿದ್ದರು. ಸ್ಟಿರಾಯ್ಡ್ ಇಂಜೆಕ್ಷನ್ ನೋವು ಮರೆಸಿ ರಜ್ಜುವನ್ನೇ ದುರ್ಬಲ ಮಾಡಬಹುದು. ಅದೂ ಅಲ್ಲದೆ 2022ರ ಜನವರಿ 1ರಿಂದ ಗ್ಲುಕೊಕಾರ್ಟಿಕಾಯ್ಡ್ ಎಂಬ ಈ ಜಾತಿಯ ಸ್ಟಿರಾಯ್ಡ್‌ನ ಎಲ್ಲ ಬಗೆಯ ಇಂಜೆಕ್ಷನ್ ಸ್ಪರ್ಧೆಯ ಅವಧಿಯಲ್ಲಿ ನಿಷಿದ್ಧ. ನೋವಿನ ಮಾತ್ರೆ ಟ್ರಮಡಾಲ್ 2024ರ ಜನವರಿ 1ರಿಂದ ಹಾಗೆಯೇ. ಡೋಪಿಂಗ್ ನಿಯಮದಲ್ಲಿ "ಗೊತ್ತಿರಲಿಲ್ಲ" ಎಂಬ ಮಾತು ನಡೆಯದು. ಮೂತ್ರದಲ್ಲಿ ಏನು ಸಿಕ್ಕಿದರೂ ಅದಕ್ಕೆ ಆಟಗಾರ್ತಿಯೇ ಹೊಣೆ. ಯಾವ ವೈದ್ಯರ ಹತ್ತಿರ ಹೋದರೂ "ನಾನು ಅಥ್ಲೀಟ್, ಡೋಪ್ ಟೆಸ್ಟ್ ಇರುತ್ತೆ" ಎಂಬುದೇ ಮೊದಲ ಮಾತಾಗಬೇಕು. ಔಷಧದ ಹೆಸರನ್ನು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ನೋಡಿ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಬೇಕು. ರೂಮ್‌ಮೇಟ್ ಕೊಟ್ಟ, ಲೇಬಲ್ ಹರಿದ ಪ್ರೋಟೀನ್ ಡಬ್ಬಿ ಅಂದೇ ವಾಪಸ್ ಹೋಯಿತು.

ಊಟದ ಲೆಕ್ಕ

ಹಾಸ್ಟೆಲ್‌ನಲ್ಲಿ ಪ್ರತಿ ಸೋಮವಾರ ಬೆಳಿಗ್ಗೆ 6ಕ್ಕೆ ಎಲ್ಲರ ಮುಂದೆ ತೂಕ ನೋಡುವ ಪದ್ಧತಿ. ಹೈಜಂಪ್‌ಗೆ ಹಗುರ ಮೈ ಬೇಕು, ನಿಜ. ಆದರೆ ಆ ಮಾತು 20 ವರ್ಷದ ಹುಡುಗಿಯ ಕಿವಿಗೆ "ತಿನ್ನಬೇಡ" ಎಂದೇ ಬೀಳುತ್ತದೆ. 57 ಕಿಲೋ ಇದ್ದವಳು 52ಕ್ಕೆ ಇಳಿದಿದ್ದಳು. ಭಾನುವಾರ ರಾತ್ರಿ ಊಟವಿಲ್ಲ. ಉಳಿದ ದಿನ ಸಂಜೆ ಅಭ್ಯಾಸ 7.30ಕ್ಕೆ ಮುಗಿದು, ಮಂಡಿಗೆ ಐಸ್ ಇಟ್ಟು ಬರುವಷ್ಟರಲ್ಲಿ ಮೆಸ್ ಮುಚ್ಚುವ ಹೊತ್ತು. ತಳದ ಅನ್ನ, ತಿಳಿಸಾರು.

ಮುಟ್ಟಿನ ಬಗ್ಗೆ ಕೇಳಿದಾಗ ಲೆಕ್ಕ ಹಾಕಿ, "ಐದು ತಿಂಗಳಾಯ್ತು ಮೇಡಂ. ಒಂದು ರೀತಿ ಒಳ್ಳೇದೇ ಅಲ್ವಾ, ಕಾಂಪಿಟಿಷನ್‌ಗೆ ತೊಂದ್ರೆ ಇಲ್ಲ" ಎಂದಳು. ಹೆಣ್ಣುಮಕ್ಕಳ ಹಾಸ್ಟೆಲ್‌ಗಳಲ್ಲಿ ಈ ಮಾತು ಸಲೀಸಾಗಿ ಓಡಾಡುತ್ತದೆ, ಕೇಳಿದವರು ತಿದ್ದುವುದೂ ಇಲ್ಲ. ಮೂರು ತಿಂಗಳು ಮುಟ್ಟು ನಿಂತರೆ ವೈದ್ಯರ ಬಳಿ ಹೋಗಲೇಬೇಕು. ದೇಹಕ್ಕೆ ಬೇಕಾದಷ್ಟು ಶಕ್ತಿ ಸಿಗದಾಗ ಅದು ಮೊದಲು ಕೈಬಿಡುವ ಕೆಲಸಗಳಲ್ಲಿ ಇದೊಂದು. ಮುಂದಿನ ಸರದಿ ಮೂಳೆಯದು. ಜಿಗಿತದವರಿಗೆ ಪಾದದ ನೆವಿಕ್ಯುಲರ್ ಮೂಳೆಯಲ್ಲಿ ಬರುವ ಸ್ಟ್ರೆಸ್ ಫ್ರಾಕ್ಚರ್ (ಹೊರೆ ತಾಳದೆ ಬೀಳುವ ಬಿರುಕು) ಇಡೀ ಸೀಸನ್ ನುಂಗಿಹಾಕುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಶಕ್ತಿಕೊರತೆಯ ಸ್ಥಿತಿಗೆ 'ರೆಡ್-ಎಸ್' ಎಂದು ಹೆಸರಿಟ್ಟಿತು.

ಪೌಷ್ಟಿಕಾಂಶ ತಜ್ಞೆ ಮಾಡಿದ ಲೆಕ್ಕವನ್ನು ಚೈತ್ರಾಳ ಎದುರೇ ಬರೆದು ತೋರಿಸಿದೆವು, ಕಾಮರ್ಸ್ ಹುಡುಗಿಗೆ ಅಂಕಿ ಬೇಗ ನಾಟುತ್ತದೆ. ದಿನಕ್ಕೆ ತಿನ್ನುತ್ತಿದ್ದದ್ದು ಸುಮಾರು 1750 ಕಿಲೋ ಕ್ಯಾಲರಿ. ಅಭ್ಯಾಸಕ್ಕೆ ಖರ್ಚು 550. ಉಳಿದ 1200ನ್ನು ಕೊಬ್ಬು ಬಿಟ್ಟು ಉಳಿದ ದೇಹತೂಕ 44 ಕಿಲೋಗೆ ಹಂಚಿದರೆ ಕಿಲೋಗೆ 27. ಇದು 30ಕ್ಕಿಂತ ಕೆಳಗಿದ್ದರೆ ಅಪಾಯ. 45 ಬಂದರೆ ನೆಮ್ಮದಿ. ಅಂದರೆ 44 ಗುಣಿಸು 45, ಕೂಡಿಸು 550: ಸುಮಾರು 2530. ದಿನಕ್ಕೆ 780 ಕೊರತೆ.

ಇದನ್ನು ತುಂಬಿಸಲು ವಿದೇಶಿ ಡಬ್ಬಿ ಬೇಡ. ಅಭ್ಯಾಸಕ್ಕೆ ಮೊದಲು ಎರಡು ಬಾಳೆಹಣ್ಣು. ಮುಗಿದ ಅರ್ಧ ಗಂಟೆಯೊಳಗೆ ಮೈದಾನದಲ್ಲೇ ಒಂದು ಲೋಟ ಹಾಲು, ಶೇಂಗಾ ಚಿಕ್ಕಿ. ಬೆಳಿಗ್ಗೆ ಎರಡು ಮೊಟ್ಟೆ ಜಾಸ್ತಿ. ಮಧ್ಯಾಹ್ನ ಹೆಸರುಕಾಳು ಉಸಲಿ. ಪ್ರೋಟೀನ್ ಕಿಲೋಗೆ 1.6 ಗ್ರಾಂ ಲೆಕ್ಕದಲ್ಲಿ ದಿನಕ್ಕೆ 85 ಗ್ರಾಂ ಹತ್ತಿರ. ಎಲ್ಲಕ್ಕಿಂತ ಕೆಲಸಕ್ಕೆ ಬಂದದ್ದು ಒಂದು ಸ್ಟೀಲ್ ಡಬ್ಬಿ: ಮೆಸ್‌ನ ಅಡುಗೆಯವರಿಗೆ ಹೇಳಿ 7 ಗಂಟೆಗೇ ಚಪಾತಿ, ಪಲ್ಯ, ಬೇಳೆ ತೆಗೆದಿಡಿಸುವ ವ್ಯವಸ್ಥೆ. ಒಂದು ಪೈಸೆ ಖರ್ಚಿಲ್ಲ. ವರ್ಷದಿಂದ ಯಾರೂ ಕೇಳಿರಲಿಲ್ಲ, ಅಷ್ಟೇ.

ವೈದ್ಯರು ಗರ್ಭಧಾರಣೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್, ಫೆರಿಟಿನ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿದರು. ದೇಹದಲ್ಲಿ ಕೂಡಿಟ್ಟ ಕಬ್ಬಿಣ ತೋರಿಸುವ ಫೆರಿಟಿನ್ 11, ವಿಟಮಿನ್ ಡಿ 14, ಎರಡೂ ಕಡಿಮೆ. ಕಬ್ಬಿಣದ ಮಾತ್ರೆಯನ್ನು ಚಹಾ, ಹಾಲಿನ ಜೊತೆ ನುಂಗಬೇಡ ಎಂಬುದನ್ನು ಬರೆದುಕೊಡಬೇಕು. ಹಾಸ್ಟೆಲ್‌ನಲ್ಲಿ ಮಾತ್ರೆ ಇಳಿಯುವುದೇ ಚಹಾದಲ್ಲಿ. "ಮುಟ್ಟು ಬರೋ ಗುಳಿಗೆ ಕೊಟ್ಟುಬಿಡಿ" ಎಂದು ಅಮ್ಮ ಕೇಳಿಕೊಂಡರು. ಗುಳಿಗೆಯಿಂದ ಬರುವ ರಕ್ತಸ್ರಾವ ದೇಹ ಚೇತರಿಸಿದ್ದರ ಗುರುತಲ್ಲ, ಊಟ ಸರಿಹೋದರೆ ತಾನಾಗಿ ಬರಬೇಕು ಎಂದು ವೈದ್ಯರೇ ತಿಳಿಹೇಳಿದರು.

ಕೆಲಸ, ವಯಸ್ಸು, 1.80

ಖಿನ್ನತೆ ಅಳೆಯುವ ಒಂಬತ್ತು ಪ್ರಶ್ನೆಗಳ ಪಟ್ಟಿ ಪಿಎಚ್‌ಕ್ಯು-9ರಲ್ಲಿ 11 ಅಂಕ, ಅಂದರೆ ಮಧ್ಯಮ ಮಟ್ಟದ ಖಿನ್ನತೆಯ ಲಕ್ಷಣ. ಜೀವ ಬೇಡ ಎನಿಸುತ್ತದೆಯೇ ಎಂಬ ಒಂಬತ್ತನೇ ಪ್ರಶ್ನೆಯನ್ನು ಸುತ್ತಿ ಬಳಸದೆ ಕೇಳಿದೆವು, ಇಲ್ಲ ಎಂದಳು. ಆದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆ ಆಕೆಯ ಫೋನ್‌ಗೆ ಹೋಯಿತು. ಹಾಸ್ಟೆಲ್‌ನ ರಾತ್ರಿ 2 ಗಂಟೆಗೆ ಯಾವ ಆಪ್ತಸಲಹೆಗಾರರೂ ಕೈಗೆ ಸಿಗುವುದಿಲ್ಲ.

ನಿದ್ದೆ ಕೆಡಿಸುತ್ತಿದ್ದದ್ದು 1.80 ಎಂಬ ಅಂಕಿ. "ಟ್ರಯಲ್‌ನಲ್ಲಿ 1.80 ಮಾಡಿದ್ರೆ ಮಾತ್ರ ಕೆಲಸ" ಎಂದು ಯಾರೋ ಹೇಳಿದ್ದರು. ಅಪ್ಪ ಸಹಕಾರ ಸಂಘದಲ್ಲಿ ಎತ್ತಿದ ಸಾಲ ಆ ಕೆಲಸದ ಮೇಲೆ ನಿಂತಿತ್ತು. ಊರಲ್ಲಿ ಆಗಲೇ ಸುದ್ದಿಯಾಗಿತ್ತು.

ಇಲ್ಲಿ ಧೈರ್ಯ ತುಂಬುವ ಮಾತಿಗಿಂತ ಅಧಿಸೂಚನೆ ಓದಿಸುವುದೇ ಮದ್ದು. ರೈಲ್ವೆಯ ಕ್ರೀಡಾ ಕೋಟಾ ಆಯ್ಕೆಯಲ್ಲಿ ಟ್ರಯಲ್‌ಗೆ 40 ಅಂಕ, ಅದರಲ್ಲಿ 25 ಬಂದರೆ 'ಫಿಟ್'. ಕ್ರೀಡಾ ಸಾಧನೆಗೆ 50, ವಿದ್ಯಾರ್ಹತೆಗೆ 10. ದೊಡ್ಡ ಪಾಲು ಆಗಲೇ ಗೆದ್ದ ಪದಕಕ್ಕೆ. ಚೈತ್ರಾಳ ಕಂಚು ಆ ಅಧಿಸೂಚನೆ ಹೇಳಿದ ಅವಧಿಯೊಳಗೇ ಇತ್ತು. 1.80 ಎಂಬ ಮಾತು ಅದರಲ್ಲಿ ಎಲ್ಲೂ ಇರಲಿಲ್ಲ. ವಯಸ್ಸಿನ ಮಿತಿ 18ರಿಂದ 25, ಅಂದರೆ ಆಕೆಗೆ ಇನ್ನೂ ನಾಲ್ಕು ವರ್ಷ. ಈ ಹಾಳೆಯನ್ನು ಎರಡು ಸಲ ಓದಿದಳು. ಅಪ್ಪನಿಗೂ ಓದಿ ಹೇಳಲು ಒಪ್ಪಿದಳು. ಅವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾದ್ರೆ ಈ ಸಲ ಆಗ್ಲಿಲ್ಲ ಅಂದ್ರೂ ಮುಂದಿನ ವರ್ಷ ಹಾಕ್ಬೌದಾ ಮೇಡಂ?" ಹಾಕಬಹುದು, ಆದರೆ ಪದಕದ ಅವಧಿ ಮೀರಿರಬಾರದು. ಹಾಗಾಗಿ ವರ್ಷಕ್ಕೊಂದು ರಾಷ್ಟ್ರೀಯ ಮಟ್ಟದ ಸ್ಥಾನ ಕೈಯಲ್ಲಿರಬೇಕು.

ದಾಖಲೆಯ ವಿಷಯದಲ್ಲಿ ಮಕ್ಕಳು ಎಡವುವುದೇ ಹೆಚ್ಚು. ಪದಕದ ಪ್ರಮಾಣಪತ್ರ ಒಂದೇ ಸಾಲದು. ಕೇಂದ್ರ ಸರ್ಕಾರಿ ಹುದ್ದೆಗಳಿಗೆ ನಿಗದಿತ ನಮೂನೆಗಳಿವೆ: ದೇಶದ ಪರ ಆಡಿದ್ದಕ್ಕೆ ಫಾರಂ 1, ರಾಜ್ಯದ ಪರ ಆಡಿದ್ದಕ್ಕೆ ಫಾರಂ 2, ಅಂತರ ವಿಶ್ವವಿದ್ಯಾಲಯಕ್ಕೆ ಫಾರಂ 3, ಶಾಲಾ ಕ್ರೀಡಾಕೂಟಕ್ಕೆ ಫಾರಂ 4. ಫಾರಂ 3ಕ್ಕೆ ವಿಶ್ವವಿದ್ಯಾಲಯದ ಕ್ರೀಡಾ ನಿರ್ದೇಶಕರ ಸಹಿ ಬೇಕು; ಅವರು ಕೂಟಕ್ಕೆ ಹೋದಾಗ ಕೊನೆಯ ದಿನ ಬಂದರೆ ಮುಗಿಯಿತು. ಹೆಸರಿನ ಕಾಗುಣಿತ, ಹುಟ್ಟಿದ ದಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆಯೇ ಇರಬೇಕು. ಚೈತ್ರಾಳ ಒಂದು ಪ್ರಮಾಣಪತ್ರದಲ್ಲಿ ತಂದೆಯ ಇನಿಷಿಯಲ್ ಹಿಂದುಮುಂದಾಗಿತ್ತು. ತಿದ್ದಿಸಲು ತಿಂಗಳೇ ಹಿಡಿಯಿತು.

'ವೃತ್ತಿಪರ ಹೈಜಂಪರ್' ಎಂದರೆ ನಮ್ಮಲ್ಲಿ ಏನರ್ಥ ಎಂಬುದನ್ನೂ ಮುಚ್ಚುಮರೆಯಿಲ್ಲದೆ ಮಾತಾಡಿದೆವು. ಬಹುಮಾನದ ಹಣದಲ್ಲೇ ಬದುಕುವವರು ಜಗತ್ತಿನಲ್ಲೇ ಬೆರಳೆಣಿಕೆ. ನಮ್ಮಲ್ಲಿ ವೃತ್ತಿ ಎಂದರೆ ರೈಲ್ವೆ, ಸೇನೆ, ಪೊಲೀಸ್‌ನಂಥ ಒಂದು ಸಂಬಳ, ಅದರ ಮೇಲೆ ಆಟ. 7ನೇ ವೇತನ ಆಯೋಗದಲ್ಲಿ ಲೆವೆಲ್ 2ರ ಮೂಲವೇತನ 19,900, ಲೆವೆಲ್ 3ರದು 21,700 ರೂಪಾಯಿ. ಸಾಲದ ಕಂತು, ಶೂ, ಫಿಸಿಯೋ ಮೂರೂ ಅದರಲ್ಲೇ ಆಗಬೇಕು. ಇನ್ನು ಎತ್ತರ: ದಕ್ಷಿಣ ಕನ್ನಡದ ಸಹನಾ ಕುಮಾರಿ 2012ರಲ್ಲಿ 1.92 ಹಾರಿ ಮಹಿಳೆಯರ ರಾಷ್ಟ್ರೀಯ ದಾಖಲೆ ಮಾಡಿದಾಗ ಅವರಿಗೆ 30 ದಾಟಿತ್ತು. 2025ರ ಟೋಕಿಯೊ ವಿಶ್ವ ಚಾಂಪಿಯನ್‌ಷಿಪ್‌ಗೆ ನೇರ ಅರ್ಹತೆ 1.97. 1.76ರಿಂದ ಅಲ್ಲಿಗೆ 21 ಸೆಂ.ಮೀ. ದೂರ, ಅದು ಬರುವ ವರ್ಷದ ಮಾತಲ್ಲ. ಆದರೆ ಅದೇ ಟೋಕಿಯೊದಲ್ಲಿ ಸೇನೆಯ ಸರ್ವೇಶ್ ಕುಶಾರೆ 2.28 ಹಾರಿ ಆರನೆಯವರಾದಾಗ ವಯಸ್ಸು 30. ಹೈಜಂಪ್ 21ಕ್ಕೆ ಮುಗಿಯುವ ಆಟವಲ್ಲ.

"ಹೆಪ್ಟಾಥ್ಲಾನ್‌ಗೆ ಹೋಗ್ಲಾ ಮೇಡಂ, ತೇಜಸ್ವಿನ್ ಡೆಕಾಥ್ಲಾನ್‌ಗೆ ಹೋದ ಹಾಗೆ?" ಎಂದೂ ಕೇಳಿದಳು. ತೇಜಸ್ವಿನ್ ಶಂಕರ್ 2018ರಲ್ಲಿ 2.29 ಹಾರಿ ರಾಷ್ಟ್ರೀಯ ದಾಖಲೆ ಮಾಡಿದವರು, 2022ರ ಕಾಮನ್‌ವೆಲ್ತ್‌ನಲ್ಲಿ ಹೈಜಂಪ್ ಕಂಚು ಗೆದ್ದು, ಮರುವರ್ಷ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡೆಕಾಥ್ಲಾನ್ ಬೆಳ್ಳಿ ತಂದವರು. ಯೋಚನೆ ತಪ್ಪಲ್ಲ, ಹೊತ್ತು ಸರಿಯಿಲ್ಲ. ಹೆಪ್ಟಾಥ್ಲಾನ್ ಎಂದರೆ ಏಳು ಸ್ಪರ್ಧೆ, ನೋಯುವ ಮಂಡಿಗೆ ಅದರ ಹರ್ಡಲ್ಸ್, ಲಾಂಗ್‌ಜಂಪ್ ಎರಡೂ ಹೊಸ ಹೊರೆ. ಟ್ರಯಲ್ ಮುಗಿದ ಮೇಲೆ ಒಂದು ಆಫ್-ಸೀಸನ್ ಗುಂಡೆಸೆತ, 800 ಮೀಟರ್ ಅಳೆದು ನೋಡಿ ತೀರ್ಮಾನಿಸಬಹುದು ಎಂದು ಪಕ್ಕಕ್ಕಿಟ್ಟೆವು.

20 ವಾರ

ಕೋಚ್ ಜೊತೆ ಕುಳಿತದ್ದು ಐದನೇ ಭೇಟಿಯಲ್ಲಿ, ಟ್ರಯಲ್‌ಗೆ 20 ವಾರ ಇದ್ದಾಗ, ಚೈತ್ರಾಳ ಒಪ್ಪಿಗೆ ಪಡೆದು. ಅಳತೆಯ ಹಾಳೆ ಮೇಜಿನ ಮೇಲಿಟ್ಟದ್ದರಿಂದ ಮಾತು ಬೇರೆಡೆ ಹೋಗಲಿಲ್ಲ. 85, 55 ನೋಡಿದ ಕೂಡಲೇ ಅವರಿಗೆ ಅರ್ಥವಾಯಿತು. ಹಾರಾಟ ಬಲ್ಲ ಮನುಷ್ಯ. ತಕರಾರು ಇದ್ದದ್ದು ನಾಲ್ಕು ವಾರ ಬಾರ್ ಇಲ್ಲದಿರುವುದಕ್ಕೆ. ವಾರಕ್ಕೆ 120 ಟೇಕ್‌ಆಫ್ ಮಾಡಿಸಿ 16 ತಿಂಗಳು ಆಗದ್ದು ಇನ್ನೂ 80 ಸೇರಿಸಿದರೆ ಆಗುತ್ತದೆಯೇ ಎಂಬ ಪ್ರಶ್ನೆಗೆ ಸುಮ್ಮನಾದರು. ನಿಂತರೆ ಮೈದಾನಕ್ಕೆ ಎರಡು ಸುತ್ತು ಓಡಿಸುವ ಶಿಕ್ಷೆಯನ್ನೂ ಅಂದೇ ನಿಲ್ಲಿಸಿದೆವು. ಅದು ಭಯವನ್ನೂ ಮಂಡಿಯ ಹೊರೆಯನ್ನೂ ಒಟ್ಟಿಗೇ ಹೆಚ್ಚಿಸುತ್ತಿತ್ತು.

ಮೊದಲ 4 ವಾರ ಬಾರ್ ಇಲ್ಲ. ಊಟ, ಐಸೋಮೆಟ್ರಿಕ್, ಹುಲ್ಲಿನ ಮೇಲೆ ಟೇಕ್‌ಆಫ್ ಇಲ್ಲದ ಕರ್ವ್ ಓಟ. 5ರಿಂದ 8ನೇ ವಾರ ನಾಲ್ಕು ಹೆಜ್ಜೆಯ ಸಿಸರ್ ಹಾರಾಟ (ಕತ್ತರಿಯಂತೆ ಒಂದರ ಹಿಂದೊಂದು ಕಾಲು ದಾಟಿಸುವುದು), 1.20ರಿಂದ 1.30, ಮೂರು ದಿನಕ್ಕೊಮ್ಮೆ, ಒಂದು ಸಲಕ್ಕೆ 15 ಟೇಕ್‌ಆಫ್. 9ರಿಂದ 13 ಎಲಾಸ್ಟಿಕ್ ಮೇಲೆ ಫ್ಲಾಪ್ (ಬೆನ್ನು ಕೆಳಗಾಗಿ ದಾಟುವ ಹಾರಾಟ), ಆರು ಹೆಜ್ಜೆ, ಆಮೇಲೆ ಎಂಟು. 14ರಿಂದ 18 ಪೂರ್ತಿ ಓಟ, ನಿಜವಾದ ಬಾರ್, ಗರಿಷ್ಠ 24 ಟೇಕ್‌ಆಫ್. ಕೊನೆಯ ಎರಡು ವಾರ ಹೊರೆ ಅರ್ಧ, ಒಂದು ಸಣ್ಣ ಕೂಟ.

ಭಯದ ಕೆಲಸ ಈ ಮೆಟ್ಟಿಲುಗಳ ಒಳಗೇ ಇತ್ತು. ನಿಯಮ ಮೂರು. ಐದನೇ ಹೆಜ್ಜೆ ಮಾರ್ಕ್ ತಪ್ಪಿದರೆ ಅಲ್ಲೇ ನಿಲ್ಲು, ಅದು ತಪ್ಪಲ್ಲ, ಹಿಂದೆ ಹೋಗಿ ಮತ್ತೆ ಬಾ. ಐದು ದಾಟಿದ ಮೇಲೆ ನಿಲ್ಲಬೇಡ. ಹಾರಲಾಗದಿದ್ದರೆ ಸಿಸರ್ ಮಾಡಿಯಾದರೂ ಪಿಟ್ (ಹಾರಿ ಬೀಳುವ ಹಾಸು) ಸೇರು. ಎರಡು ಸಲ ಸತತ ನಿಂತರೆ ಬಾರ್ 10 ಸೆಂ.ಮೀ. ಇಳಿಸು, ದಾಟಿದ ಮೇಲೆಯೇ ದಿನ ಮುಗಿಸು. ನೋಟಕ್ಕೂ ಒಂದು ಕೆಲಸ ಕೊಟ್ಟೆವು: ನೇರ ಓಟದಲ್ಲಿ ಚೆಕ್‌ಮಾರ್ಕ್, ಕರ್ವ್‌ನಲ್ಲಿ ಬಾರ್‌ನ ಆಚೆ ತುದಿ. ಬಾಯಲ್ಲಿ ಒಂದೇ ಮಾತು: "ವಾಲು".

ಸ್ಪರ್ಧೆಗೆ ಬೇಕಾದ ನಿಯಮಜ್ಞಾನ ಆಕೆಗೆ ಅರ್ಧ ಮಾತ್ರ ಇತ್ತು. ಹೈಜಂಪ್‌ನಲ್ಲಿ ಓಟ ಅರ್ಧಕ್ಕೆ ಬಿಟ್ಟರೆ ಅಷ್ಟಕ್ಕೇ ಫೌಲ್ ಅಲ್ಲ. ಬಾರ್‌ನ ಸಮತಲ ದಾಟಿ ನೆಲವನ್ನೋ ಪಿಟ್ಟನ್ನೋ ಮುಟ್ಟಿರಬಾರದು, ಸಮಯ ಉಳಿದಿರಬೇಕು. ಮೂವರಿಗಿಂತ ಹೆಚ್ಚು ಜನ ಉಳಿದಿದ್ದಾಗ ಒಂದು ಪ್ರಯತ್ನಕ್ಕೆ 1 ನಿಮಿಷ, ಕೊನೆಯ 15 ಸೆಕೆಂಡ್‌ಗೆ ಹಳದಿ ಬಾವುಟ ಏಳುತ್ತದೆ. ಅಷ್ಟರೊಳಗೆ ಮತ್ತೆ ಓಡಬಹುದು. ಇದು ತಿಳಿದದ್ದೇ ಆಕೆಯ ಅರ್ಧ ಉಸಿರು ಹಗುರವಾಯಿತು. ದಿನಚರಿ ಹೀಗೆ: ಹೆಸರು ಕರೆದ ಮೇಲೆ 4 ಎಣಿಕೆ ಉಸಿರು ಒಳಗೆ, 6 ಎಣಿಕೆ ಹೊರಗೆ, ಎರಡು ಸಲ, ಕೊನೆಯ ಐದು ಹೆಜ್ಜೆ ಕಣ್ಣಮುಂದೆ ಒಮ್ಮೆ, 25 ಸೆಕೆಂಡ್ ಒಳಗೆ ಹೊರಡು. ಆಗ ನಿಂತರೂ ಇನ್ನೊಂದು ಓಟಕ್ಕೆ ಸಮಯ ಉಳಿಯುತ್ತದೆ. ಆರಂಭದ ಎತ್ತರ ವೈಯಕ್ತಿಕ ಅತ್ಯುತ್ತಮಕ್ಕಿಂತ 15 ಸೆಂ.ಮೀ. ಕಡಿಮೆ. ಸಮ ಬಂದಾಗ ಕೊನೆಗೆ ದಾಟಿದ ಎತ್ತರದ ವೈಫಲ್ಯ, ಆಮೇಲೆ ಒಟ್ಟು ವೈಫಲ್ಯ ಎಣಿಸುತ್ತಾರೆ, ಆದ್ದರಿಂದ ಸುಲಭ ಎತ್ತರದ ಮೊದಲ ಪ್ರಯತ್ನವನ್ನೂ ಸಸಾರ ಮಾಡಬಾರದು.

ಆದದ್ದು

14ನೇ ವಾರದಲ್ಲಿ ಮಂಡಿ ಮತ್ತೆ ಕೆಣಕಿತು, ಎರಡು ಬೆಳಿಗ್ಗೆ ನೋವು 5. ಎಂಟು ಹೆಜ್ಜೆಗೆ ಇಳಿಸಿ ಎಂಟು ದಿನ ಕಳೆದುಕೊಂಡಳು. ನಾಲ್ಕನೇ ತಿಂಗಳು ಮುಟ್ಟು ಬಂತು. ತೂಕ 55. ಪಿಎಚ್‌ಕ್ಯು-9 ಐದಕ್ಕೆ ಇಳಿಯಿತು, ವೀಸಾ-ಪಿ 78ಕ್ಕೆ ಏರಿತು. ಟ್ರಯಲ್‌ನಲ್ಲಿ 1.71, ಒಂದೇ ಒಂದು ಸಲ ಐದನೇ ಹೆಜ್ಜೆಯಲ್ಲಿ ನಿಂತು, ಹಿಂದೆ ಹೋಗಿ ಅದೇ ನಿಮಿಷದೊಳಗೆ ಹಾರಿದಳು. 'ಫಿಟ್' ಎಂದು ಬಂತು. ಅಂತಿಮ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಸಾಧನೆಯ ಅಂಕ ಹೆಚ್ಚಿದ್ದವಳಿಗೆ ಆ ಹುದ್ದೆ ಹೋಯಿತು. ಎರಡು ತಿಂಗಳ ಮೇಲೆ ಒಂದು ಕೂಟದಲ್ಲಿ 1.75 ದಾಟಿ, ಇನ್ನೊಂದು ವಲಯದ ಅಧಿಸೂಚನೆಗೆ ಅರ್ಜಿ ಹಾಕಿದ್ದಾಳೆ. ಬಿ.ಕಾಂ. ಮುಗಿದಿದೆ.

ಸರಿಹೋಗದೆ ಉಳಿದದ್ದು ಸೋಮವಾರದ ತೂಕ. ಕೋಚ್ ಚೈತ್ರಾಳನ್ನು ಅದರಿಂದ ಬಿಟ್ಟರು, ಉಳಿದ ಹುಡುಗಿಯರನ್ನು ಬಿಟ್ಟಿಲ್ಲ. ಈ ಬಗ್ಗೆ ಹಾಸ್ಟೆಲ್‌ಗೆ ಯಾರ ಹೆಸರೂ ಹೇಳದೆ ಲಿಖಿತ ಸಲಹೆ ಕಳಿಸಿದ್ದೇವೆ: ತೂಕ ನೋಡಲೇಬೇಕೆಂದರೆ ತಿಂಗಳಿಗೊಮ್ಮೆ, ಬಾಗಿಲು ಹಾಕಿ, ಪೌಷ್ಟಿಕಾಂಶ ತಜ್ಞೆಯ ಎದುರು.

ಚೈತ್ರಾಳ ಕೈಯಲ್ಲಿರುವ ಹಾಳೆಯಲ್ಲಿ ಮರಳಿ ಬರಬೇಕಾದ ಗುರುತುಗಳಿವೆ: ಎರಡು ತಿಂಗಳು ಮುಟ್ಟು ತಪ್ಪಿದರೆ, ಬೆಳಗಿನ ನೋವು ಸತತ ಎರಡು ದಿನ 3 ದಾಟಿದರೆ, ಪಾದದ ಮೇಲ್ಭಾಗದಲ್ಲಿ ಒತ್ತಿದರೆ ನೋಯುವ ಜಾಗ ಕಂಡರೆ, ಟೇಕ್‌ಆಫ್ ಗುರುತು 70 ಸೆಂ.ಮೀ.ಗಿಂತ ಹತ್ತಿರ ಬಂದರೆ. ಎರಡು ವಾರ ನಿದ್ದೆ ಕೆಟ್ಟರೆ. ನೋವು ಮತ್ತು ಟೇಕ್‌ಆಫ್ ಅಳತೆಯ ಸಾಲುಗಳ ಒಂದು ಪ್ರತಿಯನ್ನು ಆಕೆಯೇ ಕೋಚ್‌ಗೆ ಕೊಟ್ಟಿದ್ದಾಳೆ, ಉಳಿದ ಸಾಲುಗಳನ್ನು ಕತ್ತರಿಸಿ.